ಅಳತೆ ಪುಸ್ತಕ

ಪೇಟೆ ಬೀದಿಯ ಮೂಲೆಯಲ್ಲಿ ಕೂತು
ಇಪ್ಪತ್ತಾರು ವರ್ಷದಿಂದ ಮಿಷನ್ ತುಳಿಯುತ್ತಿದ್ದೇನೆ.
ಅರ್ಧ ಮಂಡ್ಯದ ಹೆಂಗಸರ ಎದೆ, ಸೊಂಟ, ತೋಳಿನ ಉದ್ದ
ಈ ನೀಲಿ ರಟ್ಟಿನ ಪುಸ್ತಕದಲ್ಲಿದೆ.
ಬಾಣಂತನ ಮುಗಿಸಿ ಯಾರು ಎರಡಿಂಚು ತುಂಬಿಕೊಂಡರು,
ಒಂದೇ ಚಳಿಗಾಲದಲ್ಲಿ ಯಾರು ಮೂರಿಂಚು ಇಳಿದು
ಕಾರಣ ಹೇಳದೆ ಹಳೇ ರವಿಕೆ ಹಿಡಿಸಿಕೊಂಡು ಹೋದರು,
ಎಲ್ಲ ಇದೆ, ಪೆನ್ಸಿಲಿನಲ್ಲಿ.

ರಾತ್ರಿ ಷಟರ್ ಎಳೆದರೆ ಪುಸ್ತಕ ನನ್ನ ಜೊತೆಗೇ ಮನೆಗೆ,
ಊಟದ ಡಬ್ಬಿಯ ಪಕ್ಕ, ಚೀಲದಲ್ಲಿ.
ಒಬ್ಬ ಗಂಡ ಬಂದಿದ್ದ ಒಮ್ಮೆ:
"ನಮ್ಮನೆಯವಳ ಅಳತೆ ಕೊಡಿ, ಮೈಸೂರಲ್ಲಿ ರೆಡಿಮೇಡ್ ತರ್ತೀನಿ."
"ಅವರನ್ನೇ ಕರ್ಕೊಂಬನ್ನಿ" ಅಂದೆ.
ಮುಖ ಊದಿಸಿಕೊಂಡು ಹೋದ. ಹೋಗಲಿ.

ಅಂಥವಳು ನಾನು.

ಅಂಥ ನನ್ನ ಕೈಗೆ ಫೋನು ಬಂತು.
ಬೋಟ್ ನೆಕ್ಕು, ಪಫ್ ತೋಳು, ಬೆನ್ನಿಗೆ ಗೊಂಡೆ,
ಹೊಲಿದದ್ದೆಲ್ಲ ಫೋಟೋ ಹಿಡಿದು ಹಾಕುತ್ತ ಬಂದೆ.
ಒಂದೊಂದು ಲೈಕಿಗೂ ಮಿಷನ್ನಿಗೆ ಎಣ್ಣೆ ಬಿಟ್ಟಷ್ಟು ಹಗುರ.
ಸುಗುಣಳ ಬೆನ್ನನ್ನೂ ಹಾಕಿದೆ.
ಮುಖ ಇರಲಿಲ್ಲ.
ಮಾವಿನಕಾಯಿ ಆಕಾರದ ಕಿಂಡಿ,
ಕಿಂಡಿಯ ಎಡಕ್ಕೆ ಒಂದು ಮಚ್ಚೆ.
ಕೆಳಗೆ ಅಂಗಡಿ ಹೆಸರು, ಬೀದಿ, ನನ್ನ ನಂಬರು.

ಹತ್ತು ದಿನ ಬಿಟ್ಟು ಬಂದಳು. ಕೂರಲಿಲ್ಲ.
"ಅಕ್ಕಾ, ನಾನು ಯಾವ ಊರಲ್ಲಿದೀನಿ ಅಂತ
ಅವನಿಗೆ ಗೊತ್ತಿರಲಿಲ್ಲ."
ಎದುರಿನ ಕಬ್ಬಿನಹಾಲಿನ ಗಾಡಿ ಹತ್ತಿರ
ಮೂರು ಸಂಜೆಯಿಂದ ಒಂದೇ ಲೋಟ ಹಿಡಿದು
ನಿಂತಿರುತ್ತಿದ್ದವನು ನೆನಪಾದ.
ನಾನೇ ಒಂದು ದಿನ
ಐನೂರಕ್ಕೆ ಚಿಲ್ಲರೆ ಕೊಟ್ಟಿದ್ದೆ ಅವನಿಗೆ.

ಬೆನ್ನಿಗೂ ಮುಖ ಇರುತ್ತದೆ.
ಇಷ್ಟು ಬೆನ್ನು ಅಳೆದವಳಿಗೆ
ಅದೊಂದು ತಿಳಿದಿರಲಿಲ್ಲ.

ಅಣ್ಣನ ಮಗಳು ಇಂಪನಾ
ಕಟಿಂಗ್ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು
ನನ್ನ ಫೋನಿನ ಹೊಟ್ಟೆ ಬಿಚ್ಚಿದಳು.
"ಅತ್ತೇ, ನಿನ್ ಅಂಗಡೀಗೆ ಬಾಗ್ಲೇ ಇಲ್ವಲ್ಲ!"
ಹುಟ್ಟಿದ ತಾರೀಖು, ಮಗನ ಸ್ಕೂಲು,
ಫೋಟೋ ಹಿಡಿದ ಜಾಗ, ಹಿಡಿದ ಹೊತ್ತು,
ಒಂದೊಂದರ ಪಕ್ಕದಲ್ಲೂ ಪುಟ್ಟ ಭೂಗೋಳ,
ಇಡೀ ಭೂಮಿಗೆ ಅಂತ.
"ಇದನ್ನು ಯಾರು ನೋಡಬಹುದು?"
ಫೋನೇ ಕೇಳುತ್ತಿತ್ತು, ಅಚ್ಚ ಕನ್ನಡದಲ್ಲಿ.
ಎಷ್ಟು ದಿನದಿಂದ ಕೇಳುತ್ತಿತ್ತೋ.

ಸಾರ್ವಜನಿಕ. ಸ್ನೇಹಿತರು. ನಾನು ಮಾತ್ರ.

ಕೊನೆಯದರ ಮೇಲೆ ಬೆರಳು ನಿಂತುಬಿಟ್ಟಿತು.
ಎರಡು ಕೋಣೆ, ಐದು ಜನ,
ಬೀರುವಿನ ಕೀ ಕೂಡ ಎಲ್ಲರ ಕೈಗೆಟುಕುವ ಮೊಳೆಯಲ್ಲಿ.
ನಾನು ಮಾತ್ರ ಅನ್ನುವ ಜಾಗ
ಈ ನಲವತ್ತೊಂಬತ್ತು ವರ್ಷದಲ್ಲಿ
ಯಾರೂ ನನಗೆ ತೋರಿಸಿರಲಿಲ್ಲ.
ಏನಿಡಬೇಕು ಅಲ್ಲಿ, ಹೊಳೆಯಲಿಲ್ಲ.
"ಬೇಗ ಒತ್ತು ಅತ್ತೆ, ಬಸ್ಸಿಗೆ ಹೊತ್ತಾಯ್ತು" ಅಂದಳು.

ಒಂದೊಂದೇ ಹುಕ್ಕು ಹಾಕುತ್ತ ಹೋದೆ.
ಸುಗುಣಳ ಫೋಟೋ ಅಳಿಸಿದೆ.
ಯಾರಾದರೂ ಇಳಿಸಿಟ್ಟುಕೊಂಡಿದ್ದರೆ?
ಇಂಪನಾ ಮಾತಾಡಲಿಲ್ಲ.
ಕತ್ತರಿ ಬಿದ್ದ ಬಟ್ಟೆ ನನಗೆ ಗೊತ್ತು.
ಹೊಲಿದರೂ ಗೆರೆ ಉಳಿಯುತ್ತದೆ.

ಸುಗುಣ ಮನೆ ಖಾಲಿ ಮಾಡಿದಳಂತೆ.
ಎಲ್ಲಿಗೆ ಅಂತ ನಾನು ಕೇಳಲಿಲ್ಲ,
ಕೇಳಬಾರದು ಅನ್ನುವಷ್ಟು ಕಲಿತಿದ್ದೆ.
ಈಗಲೂ ಮೆಸೇಜು ಬರುತ್ತವೆ, ಹೊಸ ಡಿಸೈನ್ ಹಾಕಿ ಅಕ್ಕಾ ಅಂತ.
ಗೊಂಬೆಗೆ ತೊಡಿಸಿ ಹಾಕುತ್ತೇನೆ.
ಗೊಂಬೆಗೆ ಮಚ್ಚೆ ಇಲ್ಲ.

ನಿನ್ನೆ ಕರೆಂಟು ಹೋದಾಗ ಪುಸ್ತಕ ತೆಗೆದು
ಅವಳ ಹಾಳೆಯಲ್ಲಿ ಹೆಸರು ಮಾತ್ರ ರಬ್ಬರಿನಿಂದ ಉಜ್ಜಿದೆ.
ಎದೆ ಮೂವತ್ನಾಲ್ಕು. ಉದ್ದ ಹದಿನಾಲ್ಕು. ತೋಳು ಆರೂವರೆ.
ಬಲ ಭುಜ ಎಡಕ್ಕಿಂತ ಚೂರು ಇಳಿದಿದೆ.

ಅಷ್ಟು ಸಾಕು.
ಬಂದರೆ ನನಗೆ ತಿಳಿಯುತ್ತದೆ.